ಬೇಲಿಯಂಚಿನ ಕಾಡು ಪ್ಲಮ್

(ಉಪನ್ಯಾಸದ ಲಿಖಿತ ರೂಪ)



ಅಮೆರಿಕದ ಉತ್ತರದಂಚಿನಲ್ಲಿ ಮಿನ್ನೆಸೋಟ ಎಂಬ ರಾಜ್ಯವಿದೆ. ಅದರ ಪಶ್ಚಿಮಕ್ಕೆ ದಕ್ಷಿಣ ಡಕೋಟ. ಆ ನಾಡಿನ ಮನೆಯ ಹಿತ್ತಿಲುಗಳಲ್ಲಿ ಮೇ ತಿಂಗಳ ಆರಂಭದಲ್ಲಿ ಒಂದು ವಿಚಿತ್ರ ಸನ್ನಿವೇಶ ಆಗಾಗ ಕಂಡುಬರುತ್ತದೆ. ಹಿಮ ಕರಗಿ ಕೆಲವೇ ವಾರಗಳಾಗಿರುತ್ತವೆ. ಎಲೆ ಮೂಡುವ ಮೊದಲೇ ಪ್ಲಮ್ ಮರ ಬುಡದಿಂದ ತುದಿಯವರೆಗೆ ಬಿಳಿಯ ಹೂ ಹೊತ್ತು ನಿಂತಿರುತ್ತದೆ. ಮರಕ್ಕೆ ರೋಗವಿಲ್ಲ, ಕೊಂಬೆಗಳಲ್ಲಿ ಒಣಗಿದ ತುದಿಗಳಿಲ್ಲ. ಮನೆಯವರು ಬುಟ್ಟಿಗಳ ಲೆಕ್ಕ ಹಾಕತೊಡಗುತ್ತಾರೆ. ಜೂನ್ ಮುಗಿಯುವ ಹೊತ್ತಿಗೆ ಮರದಲ್ಲಿ ಎಲೆಯಲ್ಲದೆ ಬೇರೇನೂ ಇರುವುದಿಲ್ಲ. ಮರುವರ್ಷವೂ ಹಾಗೆಯೇ, ಅದರ ಮರುವರ್ಷವೂ ಹಾಗೆಯೇ. ದೋಷವನ್ನು ಬಹುತೇಕ ಎಲ್ಲರೂ ಹಿಮದ ಮೇಲೆ ಹೊರಿಸುತ್ತಾರೆ. ಕೆಲವು ವರ್ಷಗಳಲ್ಲಿ ಅದು ನಿಜವೂ ಹೌದು. ಆದರೆ ಹಿಮ ಬೀಳದ ವರ್ಷಗಳಲ್ಲೂ ಮರ ಬರಿದಾಗಿಯೇ ಉಳಿದರೆ, ಕಾರಣವನ್ನು ಬೇಲಿಯ ಆಚೆ ಹುಡುಕಬೇಕಾಗುತ್ತದೆ.

ಸಹ್ಯಾದ್ರಿಯ ಮಡಿಲಿನ ಸಭೆಯಲ್ಲಿ ಹಿಮದ ನಾಡಿನ ಹಣ್ಣಿನ ಮಾತೇಕೆ ಎಂದು ಕೇಳುವುದು ಸಹಜ. ಬೆಳೆಸಿದ ಗಿಡವೊಂದು ತನ್ನ ಕಾಡಿನ ನಂಟಸ್ತಿಕೆಯನ್ನು ಎಷ್ಟರಮಟ್ಟಿಗೆ ನೆಚ್ಚಿಕೊಂಡಿದೆ ಎಂಬುದು ಆ ಪ್ಲಮ್ ಮರದ ವಿಷಯದಲ್ಲಿ ನೂರಕ್ಕೂ ಹೆಚ್ಚು ವರ್ಷಗಳಿಂದ ಹೆಸರು, ಇಸವಿಗಳ ಸಮೇತ ದಾಖಲಾಗಿದೆ. ಅಷ್ಟು ಸ್ಪಷ್ಟವಾದ ದಾಖಲೆ ಇರುವ ಬೆಳೆಗಳು ವಿರಳ.

ಮೊದಲು ಆ ಚಳಿಯ ವಿಷಯ. 1996ರ ಫೆಬ್ರವರಿ 2ರಂದು ಮಿನ್ನೆಸೋಟದ ಟವರ್ ಎಂಬ ಊರಿನ ಬಳಿ ಉಷ್ಣಾಂಶ ಶೂನ್ಯಕ್ಕಿಂತ 51 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿತ್ತು. ಅದು ಆ ರಾಜ್ಯದ ದಾಖಲೆ. ಪ್ರತಿ ವರ್ಷವೂ ಅಷ್ಟಾಗದಿದ್ದರೂ ಶೂನ್ಯದ ಕೆಳಗೆ ಮೂವತ್ತು ಡಿಗ್ರಿ ಎಂಬುದು ಅಲ್ಲಿಯವರಿಗೆ ಹೊಸದಲ್ಲ. ಪಶ್ಚಿಮದ ಬಯಲಿನಲ್ಲಿ ಗಾಳಿ ಹಿಮದ ಹೊದಿಕೆಯನ್ನೂ ಹಾರಿಸಿಬಿಡುವುದರಿಂದ ನೆಲ ಆಳದವರೆಗೆ ಹೆಪ್ಪುಗಟ್ಟಿ ಬೇರುಗಳೂ ಸಾಯುತ್ತವೆ. ಹತ್ತೊಂಬತ್ತನೆಯ ಶತಮಾನದ ನಡುವೆ ಅಮೆರಿಕದ ಪೂರ್ವ ತೀರದಿಂದಲೂ ಯುರೋಪಿನಿಂದಲೂ ಅಲ್ಲಿಗೆ ವಲಸೆ ಬಂದ ರೈತರು ತಮ್ಮ ಊರಿನ ಹಣ್ಣಿನ ಸಸಿಗಳನ್ನು ತಂದು ನೆಟ್ಟರು. 1872-73ರ ಚಳಿಗಾಲವೊಂದೇ ಮಿನ್ನೆಸೋಟದ ಅನೇಕ ತೋಟಗಳನ್ನು ಅಳಿಸಿಹಾಕಿತು. ಯುರೋಪಿನ ಪ್ಲಮ್ ತಳಿಗಳಲ್ಲಿ ಬದುಕಿದವು ಬೆರಳೆಣಿಕೆಯಷ್ಟು.

ಆದರೆ ಆ ನೆಲ ಪ್ಲಮ್ ಇಲ್ಲದ ನೆಲವಾಗಿರಲಿಲ್ಲ. ಹೊಳೆದಂಡೆಗಳಲ್ಲಿ, ಕಣಿವೆಯ ಇಳಿಜಾರುಗಳಲ್ಲಿ, ಹುಲ್ಲುಗಾವಲು ಕಾಡಿಗೆ ತಾಗುವ ಅಂಚಿನಲ್ಲಿ ಮುಳ್ಳುಮುಳ್ಳಾದ ಕಾಡು ಪ್ಲಮ್ ಪೊದೆಗಟ್ಟಿ ಬೆಳೆದಿತ್ತು. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಪ್ರೂನಸ್ ಅಮೆರಿಕಾನ. ಬೇರಿನಿಂದ ಬೇರಿಗೆ ಹೊಸ ಚಿಗುರೊಡೆಯುತ್ತ ಒಂದು ಗಿಡ ಕೆಲವು ವರ್ಷಗಳಲ್ಲಿ ಒಂದು ಪೊದರಾಗುತ್ತದೆ. ಆ ನಾಡಿನ ಮೂಲನಿವಾಸಿಗಳಿಗೆ ಅದು ಊಟವೂ ಹೌದು, ಪಂಚಾಂಗವೂ ಹೌದು. ಮೆಲ್ವಿನ್ ಗಿಲ್ಮೋರ್ ಎಂಬ ವಿದ್ವಾಂಸರು ಮಿಸೌರಿ ನದಿ ಪ್ರದೇಶದ ಮೂಲನಿವಾಸಿಗಳ ಸಸ್ಯಜ್ಞಾನವನ್ನು ಕುರಿತು 1919ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ವಿವರಗಳಿವೆ. ಒಮಾಹಾ ಜನರು ಕಾಡು ಪ್ಲಮ್ ಹೂ ಬಿಡುವುದನ್ನು ನೋಡಿ ಮೆಕ್ಕೆಜೋಳ, ಅವರೆ ಜಾತಿಯ ಕಾಳು ಮತ್ತು ಕುಂಬಳವನ್ನು ಬಿತ್ತುತ್ತಿದ್ದರು. ಹಣ್ಣನ್ನು ಒಣಗಿಸಿ ಚಳಿಗಾಲಕ್ಕೆ ಕಾದಿಡುತ್ತಿದ್ದರು. ಪಾನೀ ಜನರು ಎಷ್ಟೋ ವೇಳೆ ಓಟೆಯನ್ನು ತೆಗೆಯದೆಯೇ ಒಣಗಿಸುತ್ತಿದ್ದರು. ಹೂವನ್ನು ನೋಡಿ ಬಿತ್ತನೆಯ ದಿನ ನಿಶ್ಚಯಿಸುವ ಪದ್ಧತಿ ಮಳೆ ನಕ್ಷತ್ರಗಳನ್ನು ಎಣಿಸುವ ನಾಡಿಗೆ ಅಪರಿಚಿತವೇನಲ್ಲ.

ವಲಸೆ ಬಂದ ರೈತರೂ ಕ್ರಮೇಣ ಈ ಪೊದರುಗಳತ್ತ ಕಣ್ಣು ಹಾಯಿಸಿದರು. ದೊಡ್ಡ ಹಣ್ಣು ಬಿಡುವ ಗಿಡ ಎಲ್ಲಿಯಾದರೂ ಕಂಡರೆ ಅದರ ಕಡ್ಡಿ ತಂದು ಕಸಿ ಕಟ್ಟಿದರು. ಮಿಸಿಸಿಪ್ಪಿ ನದಿಯ ದಂಡೆಯಲ್ಲಿ ಡಿ ಸೋಟೊ ಎಂಬ ಊರಿನ ಬಳಿ ಸಿಕ್ಕಿದ ಕಾಡುಗಿಡವೊಂದು ಆ ಊರಿನ ಹೆಸರನ್ನೇ ಹೊತ್ತು ತೋಟಗಳನ್ನು ಸೇರಿತು. ಹೊಳೆದಂಡೆಯ ಅಪ್ಪೆಮಿಡಿ ಮರವೊಂದು ಊರಿನ ಹೆಸರಿನಿಂದಲೋ ಹಳ್ಳದ ಹೆಸರಿನಿಂದಲೋ ಹೆಸರಾಗಿ ಹತ್ತು ಮನೆಯ ಅಂಗಳಕ್ಕೆ ಬರುವ ಕ್ರಮವೂ ಇದೇ ತಾನೆ! ಆದರೆ ಕಾಡು ಪ್ಲಮ್ಮಿನ ದೋಷಗಳೂ ಕಡಿಮೆಯಲ್ಲ. ಹಣ್ಣು ಹೆಚ್ಚೆಂದರೆ ದೊಡ್ಡ ನೆಲ್ಲಿಕಾಯಿಯಷ್ಟು. ಸಿಪ್ಪೆ ದಪ್ಪ, ಒಗರು. ತಿರುಳು ಸಿಹಿಯಾದರೂ ಓಟೆಯನ್ನು ಬಿಡದೆ ಕಚ್ಚಿಕೊಂಡಿರುತ್ತದೆ.

ಇದೇ ಹೊತ್ತಿಗೆ ದೂರದ ಕ್ಯಾಲಿಫೋರ್ನಿಯದ ಸಾಂಟಾ ರೋಸಾ ಎಂಬ ಊರಿನಲ್ಲಿ ಲೂಥರ್ ಬರ್ಬ್ಯಾಂಕ್ ಎಂಬ ತಳಿ ತಜ್ಞರು 1885ರಲ್ಲಿ ಜಪಾನಿನಿಂದ ಪ್ಲಮ್ ಸಸಿಗಳನ್ನು ತರಿಸಿದರು. ಅವುಗಳಲ್ಲೊಂದಕ್ಕೆ ಅವರ ಹೆಸರೇ ನಿಂತಿತು. ಹಣ್ಣು ದೊಡ್ಡದು, ತಿರುಳು ರಸಭರಿತ, ಸಿಪ್ಪೆ ತೆಳು. ಕ್ಯಾಲಿಫೋರ್ನಿಯದ ಹಗುರ ಚಳಿಯಲ್ಲಿ ಸೊಗಸಾಗಿ ಬಾಳಿದ ಈ ಬರ್ಬ್ಯಾಂಕ್ ಪ್ಲಮ್ ಮಿನ್ನೆಸೋಟದ ಬಯಲಿನಲ್ಲಿ ಸತ್ತುಹೋಗುತ್ತಿತ್ತು. ಒಂದೆಡೆ ಸಾಯದ ಗಿಡದ ಸಣ್ಣ ಹಣ್ಣು, ಮತ್ತೊಂದೆಡೆ ಬದುಕದ ಗಿಡದ ದೊಡ್ಡ ಹಣ್ಣು. ಎರಡನ್ನೂ ಕೂಡಿಸುವ ಕೆಲಸವನ್ನು ಜೀವಮಾನದ ಕಾಯಕವಾಗಿ ಕೈಗೆತ್ತಿಕೊಂಡವರಲ್ಲಿ ಮುಖ್ಯರು ನೀಲ್ಸ್ ಹ್ಯಾನ್ಸನ್.

ಹ್ಯಾನ್ಸನ್ 1866ರಲ್ಲಿ ಡೆನ್ಮಾರ್ಕಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಂದೆತಾಯಿಯರೊಂದಿಗೆ ಅಮೆರಿಕಕ್ಕೆ ಬಂದವರು. ಅಯೋವದ ಕೃಷಿ ಕಾಲೇಜಿನಲ್ಲಿ ಓದಿ 1895ರಲ್ಲಿ ದಕ್ಷಿಣ ಡಕೋಟದ ಬ್ರೂಕಿಂಗ್ಸ್ ಕಾಲೇಜನ್ನು ಸೇರಿದರು. 1897ರಲ್ಲಿ ಅಮೆರಿಕದ ಕೃಷಿ ಇಲಾಖೆ ಅವರನ್ನು ಚಳಿ ತಡೆಯುವ ಸಸ್ಯಗಳನ್ನು ಹುಡುಕಲು ರಷ್ಯ, ಸೈಬೀರಿಯಗಳಿಗೆ ಕಳುಹಿಸಿತು. ಅವರ ವಿಧಾನ ನಿರ್ದಯವೆನ್ನಿಸುವಷ್ಟು ಸರಳವಾಗಿತ್ತು. ಸಾವಿರಾರು ಸಸಿಗಳನ್ನು ಬೀಜದಿಂದ ಎಬ್ಬಿಸಿ, ಹೊದಿಕೆಯಿಲ್ಲದೆ ಬಯಲಿನಲ್ಲಿ ಚಳಿಗಾಲಕ್ಕೆ ಒಡ್ಡುವುದು, ಉಳಿದವುಗಳಲ್ಲಿ ಒಳ್ಳೆಯ ಹಣ್ಣಿನದನ್ನು ಆರಿಸುವುದು, ಆರಿಸಿದ್ದನ್ನು ಮತ್ತೆ ಕೂಡಿಸುವುದು. ಪ್ರಯೋಗಶಾಲೆಯ ಸೂಕ್ಷ್ಮ ಉಪಕರಣಗಳಿಲ್ಲದ ಆ ಕಾಲದಲ್ಲಿ ಚಳಿಗಾಲವೇ ಪರೀಕ್ಷಕ. ಇಂದಿನ ಅನೇಕ ತಳಿ ಪರೀಕ್ಷೆಗಳಲ್ಲಿ ಗಿಡಗಳಿಗೆ ಸಿಗುವ ಉಪಚಾರವನ್ನು ನೋಡಿದರೆ ಹ್ಯಾನ್ಸನ್ನರ ಕಠೋರತೆಯೇ ಹೆಚ್ಚು ಪ್ರಾಮಾಣಿಕವೆಂದು ತೋರುತ್ತದೆ.

ಉತ್ತರ ಚೀನದ ಪ್ರೂನಸ್ ಸಿಮೋನಿ ಎಂಬ ಸುವಾಸನೆಯ ಪ್ಲಮ್ಮನ್ನು ಅವರು ಕಾಡು ಪ್ಲಮ್ಮಿನೊಂದಿಗೆ ಸಂಕರಗೊಳಿಸಿದರು. ಹುಟ್ಟಿದ ಮಕ್ಕಳಿಗೆ ಹಾನ್ಸ್ಕ, ಕಾಗ, ಟೋಕ ಎಂದು ಹೆಸರಿಟ್ಟರು. ಡಕೋಟ ಭಾಷೆಯಲ್ಲಿ ಹಾನ್ಸ್ಕ ಎಂದರೆ ಎತ್ತರವಾದದ್ದು ಎಂದರ್ಥ. ಹೆಸರುಗಳನ್ನು ಆ ನೆಲದ ಮೂಲನಿವಾಸಿಗಳ ನುಡಿಯಿಂದ ತೆಗೆದುಕೊಂಡದ್ದು ಸ್ತುತ್ಯವೇ. ಆದರೆ ಆ ಪೊದರುಗಳನ್ನು ತಲೆಮಾರುಗಳಿಂದ ಕಾಪಾಡಿ ಹಣ್ಣಾಯ್ದ ಜನರು ಆ ವೇಳೆಗೆ ತಮ್ಮ ನೆಲದ ಬಹುಭಾಗವನ್ನು ಕಳೆದುಕೊಂಡಿದ್ದರೆಂಬುದನ್ನೂ ಅದರ ಜೊತೆಯಲ್ಲಿ ನೆನೆಯಬೇಕು. ಮರಳುಗುಡ್ಡಗಳಲ್ಲಿ ಮೊಣಕಾಲೆತ್ತರ ಬೆಳೆಯುವ ಮರಳು ಚೆರ್ರಿಯನ್ನು ಪ್ಲಮ್ಮಿನೊಂದಿಗೆ ಕೂಡಿಸಿ ಓಪಾಟ, ಸಾಪ ಎಂಬ ತಳಿಗಳನ್ನೂ ಅವರು ಹೊರತಂದರು. ಇವು ಮರವಲ್ಲ, ಪೊದೆ. ನೆಟ್ಟ ಕೆಲವೇ ವರ್ಷಗಳಲ್ಲಿ ಹಣ್ಣು ಬಿಡುವ ಇವುಗಳನ್ನು ಬಯಲಿನ ಬಡ ರೈತರು ಮೆಚ್ಚಿದರು.

ಮಿನ್ನೆಸೋಟದಲ್ಲಿ ಎಕ್ಸೆಲ್ಸಿಯರ್ ಎಂಬ ಊರಿನ ಬಳಿ ರಾಜ್ಯ ಸರಕಾರವು ಹಣ್ಣಿನ ತಳಿ ಅಭಿವೃದ್ಧಿಗೆಂದೇ ಒಂದು ಕ್ಷೇತ್ರವನ್ನು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ತೆರೆಯಿತು. ಅಲ್ಲಿಂದ ಬಂದ ತಳಿಗಳು ಹಲವು: ಅಂಡರ್‌ವುಡ್, ಲಾ ಕ್ರೆಸೆಂಟ್, 1933ರ ಸುಪೀರಿಯರ್, 1942ರ ಪೈಪ್‌ಸ್ಟೋನ್, 1980ರ ದಶಕದ ಆಲ್ಡರ್ಮನ್. ಇವುಗಳಲ್ಲಿ ಸುಪೀರಿಯರ್ ತಳಿಯ ವಂಶಾವಳಿಯನ್ನು ವಿದ್ಯಾರ್ಥಿಗಳು ಕಾಗದದ ಮೇಲೆ ಬರೆದು ನೋಡಬೇಕು. ತಾಯಿ ಬರ್ಬ್ಯಾಂಕ್, ಅಂದರೆ ಜಪಾನ್ ಮೂಲ. ತಂದೆ ಹ್ಯಾನ್ಸನ್ನರ ಕಾಗ, ಅಂದರೆ ಅರ್ಧ ಚೀನ, ಅರ್ಧ ಅಮೆರಿಕದ ಕಾಡು. ಲೆಕ್ಕ ಹಾಕಿದರೆ ಸುಪೀರಿಯರ್ ಮರದಲ್ಲಿ ಜಪಾನಿನ ಅಂಶ ಅರ್ಧ, ಚೀನದ್ದು ಕಾಲು, ಕಾಡಿನದ್ದು ಕಾಲು. ಹಣ್ಣಿನ ಗಾತ್ರವೂ ರಸವೂ ಬಹುಮಟ್ಟಿಗೆ ಮೊದಲ ಅರ್ಧದಿಂದ ಬಂದವು. ಮಿನ್ನೆಸೋಟದ ಚಳಿಯಲ್ಲಿ ಮರ ಸಾಯದೆ ನಿಲ್ಲುವುದು ಮುಖ್ಯವಾಗಿ ಆ ಕೊನೆಯ ಕಾಲುಭಾಗದ ಪುಣ್ಯ.

ಸಾಯದೆ ನಿಲ್ಲುವುದೆಂದರೇನು? ಜೀವಕೋಶದ ಒಳಗೆ ಮಂಜುಗಡ್ಡೆ ಕಟ್ಟಿದರೆ ಕೋಶ ಹರಿದು ಸಾಯುತ್ತದೆ. ಅದನ್ನು ತಪ್ಪಿಸಲು ಗಿಡ ಶರತ್ಕಾಲದಲ್ಲಿಯೇ ಸಿದ್ಧವಾಗತೊಡಗುತ್ತದೆ. ಹಗಲು ಕಿರಿದಾಗುತ್ತಿದ್ದಂತೆ ಬೆಳವಣಿಗೆ ನಿಲ್ಲಿಸಿ, ಕೋಶಗಳಲ್ಲಿ ಸಕ್ಕರೆಯನ್ನು ಕೂಡಿಟ್ಟು, ನೀರನ್ನು ಕೋಶದ ಹೊರಗೆ ಹೋಗಗೊಟ್ಟು ಅಲ್ಲಿಯೇ ಹೆಪ್ಪುಗಟ್ಟುವಂತೆ ಮಾಡುತ್ತದೆ. ಪ್ಲಮ್ ಜಾತಿಯ ಅನೇಕ ಗಿಡಗಳ ಹೂಮೊಗ್ಗಿನಲ್ಲಿ ಮತ್ತೊಂದು ಅಚ್ಚರಿಯಿದೆ. ಮೊಗ್ಗಿನ ಹೊರಪದರದ ನೀರು ಹೆಪ್ಪುಗಟ್ಟಿದ್ದರೂ ಒಳಗಿನ ಎಳೆಯ ಹೂವಿನ ನೀರು ಶೂನ್ಯಕ್ಕಿಂತ ಎಷ್ಟೋ ಕೆಳಗೆ ದ್ರವವಾಗಿಯೇ ಉಳಿಯುತ್ತದೆ. ಅತಿ ಶುದ್ಧವಾದ, ಅಲುಗಾಡದ ನೀರು ಶೂನ್ಯ ಡಿಗ್ರಿಯಲ್ಲಿ ಹೆಪ್ಪುಗಟ್ಟದೆ ಇರುವುದನ್ನು ವಿಜ್ಞಾನದ ವಿದ್ಯಾರ್ಥಿಗಳು ಬಲ್ಲರು. ಇದೂ ಅಂಥದೇ. ಆದರೆ ಅದಕ್ಕೊಂದು ಗೆರೆಯಿದೆ. ಗೆರೆ ದಾಟಿದ ಕ್ಷಣ ಆ ನೀರು ಒಮ್ಮೆಲೇ ಹೆಪ್ಪುಗಟ್ಟಿ ಹೂ ಸಾಯುತ್ತದೆ. ಮರ ಮಾತ್ರ ಬದುಕಿರುತ್ತದೆ. ಅಂಥ ಮೊಗ್ಗನ್ನು ಫೆಬ್ರವರಿಯಲ್ಲಿ ಚಾಕುವಿನಿಂದ ಅಡ್ಡಲಾಗಿ ಸೀಳಿದರೆ ನಡುವೆ ಕಂದು ಚುಕ್ಕೆ ಕಾಣುತ್ತದೆ. ಜೀವಂತ ಮೊಗ್ಗಾದರೆ ಹಸಿರು.

ಇನ್ನು ಆರಂಭದ ಒಗಟಿಗೆ ಬರಬಹುದು. ಮೇ ತಿಂಗಳಲ್ಲಿ ಮರ ತುಂಬ ಹೂ ಅರಳಿದೆ ಎಂದರೆ ಮೊಗ್ಗುಗಳು ಚಳಿಗಾಲವನ್ನು ಗೆದ್ದಿವೆ ಎಂದೇ ಅರ್ಥ. ಹಾಗಿದ್ದರೆ ಕಾಯೇಕಿಲ್ಲ?

ಪ್ಲಮ್ ಹೂವಿನ ಶಲಾಕೆಯಲ್ಲಿ ಒಂದು ಬಗೆಯ ಕಾವಲಿದೆ. ಪರಾಗದ ಕಣ ಬಂದು ಕುಳಿತು ನಳಿಗೆ ಇಳಿಬಿಡುವಾಗ, ಆ ಕಣದ ಗುರುತಿನ ವಂಶವಾಹಿಯು ಹೂವಿನ ಎರಡು ಗುರುತುಗಳಲ್ಲಿ ಒಂದಕ್ಕೆ ಸಮನಾಗಿದ್ದರೆ ಶಲಾಕೆಯ ಕಿಣ್ವವೊಂದು ಆ ನಳಿಗೆಯನ್ನು ಅರ್ಧದಾರಿಯಲ್ಲಿಯೇ ತಡೆದುಬಿಡುತ್ತದೆ. ಸಗೋತ್ರ ವಿವಾಹ ನಿಷೇಧವೆಂದರೆ ಹಳ್ಳಿಯವರಿಗೆ ಕೂಡಲೇ ತಿಳಿದೀತು. ಆದ್ದರಿಂದ ತನ್ನದೇ ಪರಾಗದಿಂದ ಮರ ಕಾಯಿ ಕಟ್ಟದು. ಒಂದೇ ತಳಿಯ ನೂರು ಮರ ನೆಟ್ಟರೂ ಅವೆಲ್ಲ ಕಸಿಯಿಂದ ಬಂದ ಒಂದೇ ಮರವಾದ್ದರಿಂದ ಪ್ರಯೋಜನವಿಲ್ಲ. ಹಾಗಾದರೆ ಬೇರೆ ತಳಿಯ ಮರ ನೆಡಬಹುದಲ್ಲ? ಸೇಬಿನಲ್ಲಿ ಅದು ಸಾಕು. ಸಂಕರ ಪ್ಲಮ್ಮಿನಲ್ಲಿ ಸಾಲದು. ಸುಪೀರಿಯರ್, ಪೈಪ್‌ಸ್ಟೋನ್ ಎರಡರ ವಂಶದಲ್ಲೂ ಬರ್ಬ್ಯಾಂಕ್ ಇದ್ದಾಳೆ. ಹೀಗೆ ದಾಯಾದಿಗಳಾದ ತಳಿಗಳಲ್ಲಿ ಗುರುತುಗಳು ಹೊಂದಿಕೊಂಡುಬಿಡುವ ಸಂಭವ ಹೆಚ್ಚು. ಎರಡನೆಯ ತೊಡಕು ಇನ್ನೂ ದೊಡ್ಡದು. ಬೇರೆ ಬೇರೆ ಪ್ರಭೇದಗಳ ವರ್ಣತಂತುಗಳು ಸಂಖ್ಯೆಯಲ್ಲಿ ಹದಿನಾರೇ ಆದರೂ ಸಂಕರ ಗಿಡದಲ್ಲಿ ಸರಿಯಾಗಿ ಜೋಡಿಯಾಗದೆ ಹೋಗಬಹುದು. ಆಗ ಹುಟ್ಟುವ ಪರಾಗದಲ್ಲಿ ಬಹುಪಾಲು ಜೊಳ್ಳು. ಯುರೋಪಿನ ಪ್ಲಮ್ಮನ್ನು ಜೊತೆಗೆ ನೆಟ್ಟರೆ ಅದೂ ಕೈಗೂಡದು. ಅದರ ವರ್ಣತಂತುಗಳು ನಲವತ್ತೆಂಟು.

ಮಿನ್ನೆಸೋಟ ವಿಶ್ವವಿದ್ಯಾಲಯದ ತೋಟಗಾರಿಕೆ ವಿಭಾಗವನ್ನು ದೀರ್ಘಕಾಲ ಮುನ್ನಡೆಸಿದ ಆಲ್ಡರ್ಮನ್ ಅವರೂ ಸಹೋದ್ಯೋಗಿಗಳೂ 1930ರ ದಶಕದ ಆರಂಭಕ್ಕೇ ಈ ಬಂಜೆತನವನ್ನು ಅಭ್ಯಸಿಸಿದ್ದರು. ಉತ್ತರದ ತೋಟಗಾರಿಕಾ ತಜ್ಞರು ರೈತರಿಗೆ ಇಂದಿಗೂ ಕೊಡುವ ಸಲಹೆ ಸ್ಪಷ್ಟವಾಗಿದೆ: ಸಂಕರ ಪ್ಲಮ್ಮಿಗೆ ಪರಾಗ ಕೊಡಬೇಕಾದದ್ದು ಕಾಡು ಪ್ಲಮ್ ಅಥವಾ ಅದಕ್ಕೆ ಅತಿ ಹತ್ತಿರದ ಟೋಕದಂಥ ತಳಿ. ಟೋಕ ಅರ್ಧ ಕಾಡು ಎಂಬುದನ್ನು ಮರೆಯಬಾರದು. ಅದರಲ್ಲೂ ಬೀಜದಿಂದ ಹುಟ್ಟಿದ ಕಾಡು ಪ್ಲಮ್ಮಿನ ಒಂದೊಂದು ಗಿಡದ ಗುರುತೂ ಬೇರೆ. ಒಂದರದು ಹೊಂದದಿದ್ದರೆ ಮತ್ತೊಂದರದು ಹೊಂದುತ್ತದೆ. ಇಷ್ಟಾದರೂ ಸಸಿ ಮಾರುವವರ ಪಟ್ಟಿಗಳಲ್ಲಿ "ಯಾವುದಾದರೂ ಎರಡು ತಳಿ ನೆಡಿ" ಎಂಬ ಸುಲಭದ ಮಾತು ದಶಕಗಳ ನಂತರವೂ ಕಾಣಸಿಗುತ್ತದೆ. ಹಿತ್ತಿಲಿನ ಬರಿದಾದ ಮರಗಳಲ್ಲಿ ಅನೇಕವು ಆ ಮಾತಿನ ಫಲ.

ಆದ್ದರಿಂದ ಕಾಡು ಪ್ಲಮ್ಮಿನ ಪಾತ್ರ ತಳಿ ಹುಟ್ಟಿಸಿದಲ್ಲಿಗೆ ಮುಗಿಯುವುದಿಲ್ಲ. ಸಂಕರ ಪ್ಲಮ್ಮನ್ನು ಬಹುತೇಕ ಕಸಿ ಕಟ್ಟುವುದು ಕಾಡು ಪ್ಲಮ್ಮಿನ ಬೇರುಗಿಡದ ಮೇಲೆಯೇ, ಏಕೆಂದರೆ ಹೆಪ್ಪುಗಟ್ಟಿದ ನೆಲದಲ್ಲಿ ಬಾಳುವ ಬೇರು ಅದರದು. ಪ್ರತಿ ವಸಂತದಲ್ಲಿ ಪರಾಗವೂ ಅದರದೇ. ಪರಾಗವನ್ನು ಹೊರುವವರೂ ಆ ಪೊದರಿನ ನಿವಾಸಿಗಳೇ. ಹೂ ಬಿಡುವ ದಿನಗಳು ಆ ನಾಡಿನಲ್ಲಿ ಇನ್ನೂ ತಣ್ಣಗಿರುತ್ತವೆ. ಸಾಕಿದ ಜೇನು ಸುಮಾರು 13 ಡಿಗ್ರಿಗಿಂತ ಕೆಳಗೆ ಗೂಡು ಬಿಟ್ಟು ಹೊರಡುವುದು ಅಪರೂಪ. ಮೈತುಂಬ ರೋಮವಿರುವ ದುಂಬಿಗಳು ಅದಕ್ಕಿಂತ ತಣ್ಣನೆಯ ಬೆಳಗಿನಲ್ಲೂ ಹಾರುತ್ತವೆ. ನೆಲದಲ್ಲಿ ಬಿಲ ತೋಡಿ ಬದುಕುವ ಒಂಟಿ ಜೇನುಗಳೂ ಆ ಹೊತ್ತಿನವೇ. ಇವಕ್ಕೆ ಬೇಕಾದದ್ದು ಉಳುಮೆಯಾಗದ ನೆಲ, ಒಣಹುಲ್ಲು, ಪೊದೆಯ ನೆರಳು.

ಅಂಥ ನೆಲವೇ ಕಡಿಮೆಯಾಗುತ್ತಿದೆ. 1930ರ ದಶಕದಲ್ಲಿ ಬಯಲುಸೀಮೆಯ ಮೇಲ್ಮಣ್ಣು ಧೂಳಾಗಿ ಹಾರಿಹೋದಾಗ ಸರಕಾರವೇ 1934ರಿಂದ 1942ರವರೆಗೆ ಉತ್ತರ ಡಕೋಟದಿಂದ ಟೆಕ್ಸಾಸ್‌ವರೆಗೆ 22 ಕೋಟಿ ಮರಗಿಡಗಳ ಗಾಳಿತಡೆ ಸಾಲುಗಳನ್ನು ನೆಡಿಸಿತು. ಎತ್ತರದ ಮರಗಳ ಅಂಚಿಗೆ ಸೇರಿದ ಪೊದೆಗಿಡಗಳಲ್ಲಿ ಕಾಡು ಪ್ಲಮ್ ಕೂಡ ಇತ್ತು. ಮುಂದೆ ಹೊಲಗಳು ದೊಡ್ಡವಾದವು, ಯಂತ್ರಗಳು ಅಗಲವಾದವು, ಹೊಲದ ನಡುವೆ ನಿಂತು ವೃತ್ತಾಕಾರವಾಗಿ ತಿರುಗುವ ನೀರಾವರಿ ಕೊಳವೆಗಳು ಬಂದವು. ಮುದಿಯಾದ ಸಾಲುಗಳನ್ನು ಮರುನೆಡುವ ಬದಲು ಕಿತ್ತವರೇ ಹಲವರು. ಪೊದೆ ಎಂಬುದು ಎಲ್ಲ ದೇಶದಲ್ಲೂ ಕೆಟ್ಟ ಹೆಸರು ಹೊತ್ತ ಪದ. ಭೂಮಾಪಕರ ಕಡತದಲ್ಲಿ ಅದು ಪಾಳು, ಕೃಷಿಕರ ಕಣ್ಣಿಗೆ ಹಂದಿ ಮೊಲಗಳ ಅಡಗುದಾಣ.

ಚಳಿಯ ಸ್ವಭಾವವೂ ಬದಲಾಗಿದೆ. ಚಳಿಗಾಲ ಬೆಚ್ಚಗಾದರೆ ಚಳಿ ತಡೆಯುವ ತಳಿಗಳ ಅಗತ್ಯವೇ ಇರದು ಎಂದು ಕೆಲವರು ವಾದಿಸುವುದುಂಟು. ಅದು ಅವಸರದ ಮಾತು. 2012ರ ಮಾರ್ಚ್‌ನಲ್ಲಿ ಅಮೆರಿಕದ ಉತ್ತರ ಮಧ್ಯಭಾಗದಲ್ಲಿ ಅಕಾಲಿಕ ಬಿಸಿಲು ಬಿದ್ದು ಮರಗಳು ವಾರಗಟ್ಟಲೆ ಮುಂಚೆ ಎಚ್ಚತ್ತವು. ಏಪ್ರಿಲ್‌ನಲ್ಲಿ ಹಿಮ ಮರಳಿ ಬಂತು. ಮಿಚಿಗನ್ ರಾಜ್ಯದ ಸೇಬಿನ ಬೆಳೆಯಲ್ಲಿ ಆ ವರ್ಷ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಹೋಯಿತು. ಪ್ಲಮ್ಮಿನಲ್ಲಿ ಜಪಾನಿನ ಅಂಶ ಹೆಚ್ಚಿರುವ ತಳಿಗಳಿಗೆ ಈ ಅಪಾಯ ಇನ್ನೂ ಹೆಚ್ಚು. ಅವುಗಳ ನಿದ್ರೆ ಹಗುರ. ಬೇಕಾದಷ್ಟು ಚಳಿ ಕಂಡಾದ ಮೇಲೆ ನಡುವೆ ನಾಲ್ಕು ದಿನ ಬಿಸಿಲು ಬಂದರೆ ಮೊಗ್ಗು ತನ್ನ ರಕ್ಷಣೆಯನ್ನು ಸಡಿಲಿಸಿಬಿಡುತ್ತದೆ. ಮುಂದಿನ ತಳಿಗಾರರು ತಡವಾಗಿ ಏಳುವ ಗುಣವನ್ನು ಹುಡುಕಬೇಕಾದದ್ದು ಮತ್ತೆ ಅದೇ ಕಾಡು ಪೊದರುಗಳಲ್ಲಿ. ಒಂದು ಕಣಿವೆಯ ಗಿಡದಂತೆ ಇನ್ನೊಂದು ಕಣಿವೆಯ ಗಿಡವಿರುವುದಿಲ್ಲ. ಕಿತ್ತ ಪೊದರಿನಲ್ಲಿ ಏನಿತ್ತೆಂಬುದನ್ನು ಆಮೇಲೆ ಪರೀಕ್ಷಿಸಲಾಗದು.

ಭಾರತಕ್ಕೂ ಈ ಕಥೆಯ ಕವಲೊಂದು ಬಂದಿದೆ. ಬೇಸಗೆಯಲ್ಲಿ ಕರ್ನಾಟಕದ ಪಟ್ಟಣಗಳ ತಳ್ಳುಗಾಡಿಯಲ್ಲಿ ಕಾಣುವ ಕೆಂಪು ಪ್ಲಮ್ಮುಗಳಲ್ಲಿ ಹಿಮಾಚಲ ಪ್ರದೇಶದಿಂದ ಬರುವವು ಬಹಳ. ಅಲ್ಲಿನ ಪ್ರಮುಖ ತಳಿ ಸಾಂಟಾ ರೋಸಾ, ಬರ್ಬ್ಯಾಂಕ್ ಅವರು 1906ರಲ್ಲಿ ಹೊರತಂದದ್ದು. ಅದಕ್ಕೂ ಅಲ್ಲಿನ ರೈತರು ಬೇರುಗಿಡವಾಗಿ ಬಳಸುತ್ತ ಬಂದದ್ದು ಬೆಟ್ಟದ ಕಾಡು ಏಪ್ರಿಕಾಟ್ ಮತ್ತು ಕಾಡು ಪೀಚ್ ಸಸಿಗಳನ್ನು. ನೀಲಗಿರಿಯ ಕೂನೂರು, ಕೋಟಗಿರಿ ಕಡೆಯ ತೋಟಗಳಲ್ಲೂ ಜಪಾನ್ ಮೂಲದ ಪ್ಲಮ್ ತಳಿಗಳುಂಟು. ಆದರೆ ಅಲ್ಲಿ ಸಮಸ್ಯೆ ತಿರುಗುಮುರುಗು. ಚಳಿ ಹೆಚ್ಚಾದದ್ದಲ್ಲ, ಸಾಲದಾದದ್ದು.

ಮಿನ್ನೆಸೋಟದ ಹಿತ್ತಿಲಿಗೆ ಮರಳಿದರೆ, ಬರಿದಾದ ಮರದ ಒಡೆಯರಿಗೆ ಮಾಡಬಹುದಾದದ್ದು ಏನೂ ಇಲ್ಲವೆಂದಲ್ಲ. ಶಾಶ್ವತವಾದ ದಾರಿ ಕಾಡು ಪ್ಲಮ್ಮಿನ ಓಟೆ ಬಿತ್ತುವುದು. ಹಣ್ಣಾದ ಕೂಡಲೇ ಓಟೆಯನ್ನು ತೊಳೆದು, ಒಣಗಲು ಬಿಡದೆ, ಒದ್ದೆ ಮರಳಿನಲ್ಲಿಟ್ಟು ಮೂರರಿಂದ ಐದು ತಿಂಗಳು ಚಳಿಗೆ ಒಡ್ಡಬೇಕು. ಆ ಚಳಿ ಸಿಗದ ಓಟೆ ಮೊಳೆಯುವುದಿಲ್ಲ. ಇಲಿ ಬಾರದಂತೆ ಪೆಟ್ಟಿಗೆಯ ಮೇಲೆ ಜಾಲರಿ ಬಿಗಿಯುವುದು ಅಗತ್ಯ. ಸಸಿ ಹೂ ಬಿಡಲು ನಾಲ್ಕಾರು ವರ್ಷ ಬೇಕು.

ಅಷ್ಟು ಕಾಯಲಾರದವರು ಮಾಡುವ ಉಪಾಯವೊಂದಿದೆ. ಹೂ ಅರಳುವ ಹೊತ್ತಿನಲ್ಲಿ ಕಾಡು ಪ್ಲಮ್ಮಿನ ನಾಲ್ಕಾರು ಕೊಂಬೆಗಳನ್ನು ಕಡಿದು ತಂದು, ನೀರು ತುಂಬಿದ ಬಕೆಟ್ಟಿನಲ್ಲಿ ನಿಲ್ಲಿಸಿ, ತಮ್ಮ ಮರದ ನಡುಗೊಂಬೆಗೆ ನೇತುಹಾಕುತ್ತಾರೆ. ಉಳಿದದ್ದು ದುಂಬಿಯ ಕೆಲಸ. ಕೊಂಬೆಯ ಹೂ ಕೆಲವೇ ದಿನ ಬಾಳುವುದರಿಂದ ದಿನವನ್ನು ಸರಿಯಾಗಿ ನೋಡಿಕೊಳ್ಳಬೇಕು. ಹತ್ತಿರದಲ್ಲಿ ಪೊದರು ಉಳಿದಿರಬೇಕಾದದ್ದು ಹೇಗೂ ಇದ್ದೇ ಇದೆ. ಇದಕ್ಕಿಂತ ಒಳ್ಳೆಯದು, ಮರದ ಒಂದು ಕೊಂಬೆಗೆ ಕಾಡು ಪ್ಲಮ್ಮಿನದೋ ಟೋಕದ್ದೋ ಕಡ್ಡಿಯನ್ನು ಕಸಿ ಕಟ್ಟಿಬಿಡುವುದು. ಆ ಕೊಂಬೆಗೆ ಬಣ್ಣ ಬಳಿದು ಗುರುತು ಹಾಕುವುದು ರೂಢಿ. ಇಲ್ಲವಾದರೆ ಚಳಿಗಾಲದ ಕೊನೆಯಲ್ಲಿ ಮರ ಸವರಲು ಬಂದವರು ಮುಳ್ಳಿನ ಆ ಕೊಂಬೆಯನ್ನು ಬುಡದಿಂದೆದ್ದ ಕಳೆಚಿಗುರೆಂದು ಭಾವಿಸಿ ಮೊದಲು ಅದನ್ನೇ ಕತ್ತರಿಸಿ ಹಾಕುತ್ತಾರೆ.